ಉನ್ನತ ಪರೀಕ್ಷೆಯ ಇಂಗ್ಲಿಷ್: ಶಬ್ದಸಂಪತ್ತು ಮತ್ತು ಅಲಂಕಾರಗಳ ಕಲಿಕೆ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ

1. ಪಾಠದ ಹಿನ್ನೆಲೆ

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 2009ರಲ್ಲಿ ಸ್ಥಾಪನೆಗೊಂಡ ಈ ವಿಶ್ವವಿದ್ಯಾಲಯವು ಕಲಬುರಗಿ–ಆಳಂದ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡುವ ಈ ಭಾಗದ ಮಕ್ಕಳಿಗೆ ಪರಿಚಿತವಾದ ಹೆಸರು. ಆದರೆ ಅಲ್ಲಿ ಪ್ರವೇಶ ಪಡೆಯಬೇಕಾದರೆ ದೇಶದ ಎಲ್ಲ ಭಾಗಗಳ ವಿದ್ಯಾರ್ಥಿಗಳೊಂದಿಗೆ ಸ್ಪರ್ಧಿಸಬೇಕು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ 2022ರಿಂದ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಜಾರಿಯಲ್ಲಿದೆ. ಅದರ ಹಲವು ವಿಷಯಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಇಂಗ್ಲಿಷ್ ಪತ್ರಿಕೆಯನ್ನು ಮಾತ್ರ ಇಂಗ್ಲಿಷಿನಲ್ಲಿಯೇ ಎದುರಿಸಬೇಕು.

ಆ ಪತ್ರಿಕೆಯಲ್ಲಿ ಗದ್ಯಭಾಗವನ್ನು ಓದಿ ಉತ್ತರಿಸುವುದು, ಸಮಾನಾರ್ಥಕ ಮತ್ತು ವಿರುದ್ಧಾರ್ಥಕ ಪದಗಳನ್ನು ಗುರುತಿಸುವುದು, ಸರಿಯಾದ ಪದವನ್ನು ಆರಿಸುವುದು ಮುಖ್ಯ. ಇಂಗ್ಲಿಷ್ ವಿಷಯದಲ್ಲಿ ಸ್ನಾತಕೋತ್ತರ ಪ್ರವೇಶ, ಕೆ–ಸೆಟ್ ಅಥವಾ ನೆಟ್ ಪರೀಕ್ಷೆ ಬರೆಯುವವರಿಗೆ ಸಿಮಿಲಿ, ಮೆಟಫರ್, ಮೆಟಾನಿಮಿ ಮುಂತಾದ ಅಲಂಕಾರಗಳ ಹೆಸರೂ ತಿಳಿದಿರಬೇಕು. ಕನ್ನಡ, ಉರ್ದು ಅಥವಾ ಮರಾಠಿ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ಪಡೆದ ಮಕ್ಕಳು ಇಲ್ಲಿಗೆ ಬಂದು ಹಿಂಜರಿಯುತ್ತಾರೆ. "ನಮ್ಮ ಹುಡುಗಿಗೆ ಇಂಗ್ಲಿಷ್ ಬರುವುದಿಲ್ಲ" ಎಂದು ಪಾಲಕರು ಅರ್ಜಿಯನ್ನೇ ಹಾಕಿಸದಿದ್ದರೆ, ಪರೀಕ್ಷೆಗೆ ಮೊದಲೇ ಸೋಲು ನಿಶ್ಚಯವಾಗುತ್ತದೆ.

ಈ ಮಕ್ಕಳಲ್ಲಿ ತಿಳಿವಳಿಕೆಗೆ ಕೊರತೆಯಿಲ್ಲ. ಅನೇಕ ಸಂದರ್ಭಗಳಲ್ಲಿ ಕೊರತೆಯಿರುವುದು ತಿಳಿದ ವಿಷಯದ ಇಂಗ್ಲಿಷ್ ಹೆಸರಿಗೆ ಮತ್ತು ನಿತ್ಯದ ಅಭ್ಯಾಸಕ್ಕೆ. ಇವೆರಡನ್ನೂ ಊರಿನ ಅರಿವು ಕೇಂದ್ರದಲ್ಲಿಯೇ ಒದಗಿಸಲು ಸಾಧ್ಯವಿದೆ ಎಂಬುದು ಈ ಪಾಠದ ಸಾರ.

2. ಅಲಂಕಾರ: ತಿಳಿದದ್ದಕ್ಕೆ ಇನ್ನೊಂದು ಹೆಸರು

ಪ್ರೌಢಶಾಲೆಯ ಕನ್ನಡ ತರಗತಿಯಲ್ಲಿ ಉಪಮಾಲಂಕಾರದ ನಾಲ್ಕು ಅಂಗಗಳನ್ನು ಕಲಿಸಲಾಗುತ್ತದೆ. "ಜೋಳದ ಕಾಳು ಮುತ್ತಿನಂತೆ ಹೊಳೆಯುತ್ತಿದೆ" ಎಂಬ ವಾಕ್ಯದಲ್ಲಿ ಕಾಳು ಉಪಮೇಯ, ಮುತ್ತು ಉಪಮಾನ, 'ಅಂತೆ' ಎಂಬುದು ಉಪಮಾವಾಚಕ, ಹೊಳೆಯುವಿಕೆ ಸಮಾನಧರ್ಮ. ಇಂಗ್ಲಿಷಿನಲ್ಲಿ ಇದೇ ಸಿಮಿಲಿ. 'ಅಂತೆ' ಎಂಬುದನ್ನು ತೆಗೆದು "ಭೀಮೆಯೇ ಈ ಸೀಮೆಯ ತಾಯಿ" ಎಂದರೆ ಅದು ರೂಪಕ; ಇಂಗ್ಲಿಷಿನಲ್ಲಿ ಮೆಟಫರ್. ಐ.ಎ. ರಿಚರ್ಡ್ಸ್ ಎಂಬ ಇಂಗ್ಲಿಷ್ ವಿಮರ್ಶಕರು 1936ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಮೆಟಫರಿನ ಅಂಗಗಳಿಗೆ ಟೆನರ್, ವೆಹಿಕಲ್ ಎಂಬ ಹೆಸರುಗಳನ್ನು ಕೊಟ್ಟರು. ಟೆನರ್ ಎಂದರೆ ಉಪಮೇಯ, ವೆಹಿಕಲ್ ಎಂದರೆ ಉಪಮಾನ. ಸ್ನಾತಕೋತ್ತರ ಮಟ್ಟದಲ್ಲಿ ಎದುರಾಗುವ ಈ ವಿಷಯದ ತಿರುಳನ್ನು ಕನ್ನಡದ ಮಗು ಪ್ರೌಢಶಾಲೆಯಲ್ಲಿಯೇ ಓದಿರುತ್ತದೆ.

ಅಲಂಕಾರಗಳ ಚರ್ಚೆ ಈ ಜಿಲ್ಲೆಗೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕ್ರಿ.ಶ. 850ರ ಸುಮಾರಿಗೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. ಅದು ಅಲಂಕಾರಶಾಸ್ತ್ರದ ಗ್ರಂಥವೇ ಆಗಿದೆ.

ಉಳಿದ ಅಲಂಕಾರಗಳಿಗೂ ಊರಿನ ಮಾತಿನಲ್ಲಿಯೇ ಉದಾಹರಣೆಗಳಿವೆ:

• "ಮಳೆರಾಯ ಮುನಿಸಿಕೊಂಡಿದ್ದಾನೆ" — ಜೀವವಿಲ್ಲದ್ದಕ್ಕೆ ಮನುಷ್ಯಭಾವ, ಪರ್ಸಾನಿಫಿಕೇಶನ್.
• "ಊರಿಗೆ ಊರೇ ಗಾಣಗಾಪುರಕ್ಕೆ ಹೋಗಿದೆ" — ಅತಿಶಯೋಕ್ತಿ, ಹೈಪರ್ಬೊಲಿ.
• "ವಿಧಾನಸೌಧ ಒಪ್ಪಿಗೆ ಕೊಟ್ಟಿದೆ" — ಸರ್ಕಾರದ ಬದಲು ಕಟ್ಟಡದ ಹೆಸರು, ಮೆಟಾನಿಮಿ.
• ಮರಣವನ್ನು ನೇರವಾಗಿ ಹೇಳದೆ "ಲಿಂಗೈಕ್ಯರಾದರು" ಎನ್ನುವುದು — ಸೌಮ್ಯೋಕ್ತಿ; ಯೂಫಮಿಸಂ.
• ಒಂದೇ ಪದಕ್ಕೆ ಎರಡರ್ಥ ಹೊಂದಿಸುವ ಶ್ಲೇಷೆ — ಪನ್.

ಉರ್ದು ಮಾಧ್ಯಮದ ಮಕ್ಕಳಿಗೆ ಸಿಮಿಲಿ ಎಂದರೆ ತಷ್ಬೀಹ್, ಮೆಟಫರ್ ಎಂದರೆ ಇಸ್ತಿಆರಾ, ಹೈಪರ್ಬೊಲಿ ಎಂದರೆ ಮುಬಾಲಗಾ. ಯಾವ ಮಾಧ್ಯಮದ ಮಗುವೂ ಇಲ್ಲಿ ಬರಿಗೈಯಲ್ಲಿ ಬಂದಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಆಡುಮಾತಿನಲ್ಲಿ ಉತ್ಪ್ರೇಕ್ಷೆ ಎಂದರೆ ಹೆಚ್ಚಿಸಿ ಹೇಳುವುದು. ಆದರೆ ಅಲಂಕಾರಶಾಸ್ತ್ರದಲ್ಲಿ ಉತ್ಪ್ರೇಕ್ಷೆ ಎಂದರೆ ಒಂದು ವಸ್ತುವನ್ನು ಮತ್ತೊಂದಾಗಿ ಸಂಭಾವಿಸುವುದು, ಕಲ್ಪಿಸುವುದು. ಆದ್ದರಿಂದ ಹೈಪರ್ಬೊಲಿಗೆ ಹತ್ತಿರವಾದುದು ಅತಿಶಯೋಕ್ತಿಯೇ ಹೊರತು ಉತ್ಪ್ರೇಕ್ಷೆಯಲ್ಲ. ಹಾಗೆಯೇ ವಿರೋಧಾಭಾಸ ಎಂಬ ಒಂದೇ ಪದದ ಜಾಗದಲ್ಲಿ ಇಂಗ್ಲಿಷಿನವರು ಎರಡನ್ನು ಬಳಸುತ್ತಾರೆ: ಇಡೀ ಹೇಳಿಕೆಯಲ್ಲಿ ವಿರೋಧ ತೋರಿದರೆ ಪ್ಯಾರಡಾಕ್ಸ್, ಅಕ್ಕಪಕ್ಕದ ಎರಡೇ ಪದಗಳಲ್ಲಿ ತೋರಿದರೆ ಆಕ್ಸಿಮೊರಾನ್. ಇಂತಹ ಸೂಕ್ಷ್ಮಗಳನ್ನು ಶಿಕ್ಷಕರ ನೆರವಿನಿಂದ ಖಚಿತಪಡಿಸಿಕೊಳ್ಳುವುದು ಒಳಿತು.

3. ಪದ: ಪಟ್ಟಿಯಿಂದಲ್ಲ, ಬಳಕೆಯಿಂದ

ನಿಜಾಮರ ಆಳ್ವಿಕೆಯಲ್ಲಿ ಈ ಭಾಗದ ಕಚೇರಿಗಳ ಭಾಷೆ ಉರ್ದುವಾಗಿತ್ತು. ಮಂಜೂರು, ವಸೂಲಿ, ಜಾಮೀನು, ದಫ್ತರ, ಜಮಾಬಂದಿ ಎಂಬ ಪದಗಳನ್ನು ಹಿರಿಯರು ಯಾವ ಪಟ್ಟಿಯಿಂದಲೂ ಬಾಯಿಪಾಠ ಮಾಡಲಿಲ್ಲ. ಕೆಲಸದ ಸಂದರ್ಭದಲ್ಲಿ ಕೇಳಿ, ಆಡಿ ತಮ್ಮದಾಗಿಸಿಕೊಂಡರು. ಇಂದು ಅದೇ ರೀತಿ ಬಜೆಟ್, ಟೆಂಡರ್, ಎಸ್ಟಿಮೇಟ್, ಆಡಿಟ್, ಕೋರಂ ಎಂಬ ಪದಗಳು ಪಂಚಾಯತಿ ಸಭೆಯಲ್ಲಿ ಸಹಜವಾಗಿ ಕೇಳಿಬರುತ್ತವೆ.

ಪದಕ್ಕೆ ಒಂದೇ ಅರ್ಥವನ್ನು ಬರೆದುಕೊಂಡು ಉರು ಹೊಡೆಯುವುದರ ಅಪಾಯಕ್ಕೆ 'ಸ್ಯಾಂಕ್ಷನ್' ಒಳ್ಳೆಯ ನಿದರ್ಶನ. ಪಂಚಾಯತಿಯಲ್ಲಿ "ಅನುದಾನ ಸ್ಯಾಂಕ್ಷನ್ ಆಯಿತು" ಎಂದರೆ ಮಂಜೂರಾತಿ. ಆದರೆ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ದೇಶದ ಮೇಲೆ ಸ್ಯಾಂಕ್ಷನ್ ಹೇರಲಾಯಿತು ಎಂದಿದ್ದರೆ ಅದು ನಿರ್ಬಂಧ. ಸಭೆಯ ನಡವಳಿಯನ್ನು ಮಿನಿಟ್ಸ್ ಎನ್ನುತ್ತಾರೆ. ಗಡಿಯಾರದ ನಿಮಿಷವೂ ಮಿನಿಟ್. ಅದೇ ಅಕ್ಷರಗಳನ್ನು 'ಮೈನ್ಯೂಟ್' ಎಂದು ಓದಿದರೆ ಅತಿ ಸಣ್ಣದು ಎಂದರ್ಥ. ಪರೀಕ್ಷೆಯಲ್ಲಿ ಕೇಳುವುದು ವಾಕ್ಯದಲ್ಲಿನ ಅರ್ಥವನ್ನು. ಆದ್ದರಿಂದ ಪ್ರತಿ ಹೊಸ ಪದವನ್ನೂ ಒಂದು ಇಡೀ ವಾಕ್ಯದೊಂದಿಗೆ ಬರೆದುಕೊಳ್ಳುವ ರೂಢಿಯಾಗಬೇಕು.

4. ಬೇರು ಹಿಡಿದರೆ ಗಿಡವೆಲ್ಲ ಕೈಗೆ

ಇಂಗ್ಲಿಷಿನ ಅನೇಕ ಪದಗಳು ಲ್ಯಾಟಿನ್ ಮತ್ತು ಗ್ರೀಕ್ ಮೂಲದವು. ಒಂದು ಮೂಲ ತಿಳಿದರೆ ಹಲವು ಪದಗಳು ತಿಳಿಯುತ್ತವೆ.

ಆಡಿಟ್: ಇದರ ಲ್ಯಾಟಿನ್ ಮೂಲದ ಅರ್ಥ 'ಕೇಳು'. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರು. ಜಮಾಬಂದಿಯ ದಿನ ಜನರ ಮುಂದೆ ಲೆಕ್ಕವನ್ನು ಓದಿಹೇಳುವುದನ್ನು ಕಂಡ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಡಿಯೋ, ಆಡಿಯನ್ಸ್, ಆಡಿಟೋರಿಯಂ ಇವೆಲ್ಲ ಅದೇ ಬೇರಿನವು. ಕೇಳಿಸದಿರುವುದು ಇನ್‌ಆಡಿಬಲ್.

ಕ್ರೆಡಿಟ್: ಮೂಲಾರ್ಥ 'ನಂಬು'. ಸಾಲ ಕೊಟ್ಟವನು ಕ್ರೆಡಿಟರ್, ನಂಬಲರ್ಹವಾದುದು ಕ್ರೆಡಿಬಲ್, ನಂಬಲಾಗದ್ದು ಇನ್‌ಕ್ರೆಡಿಬಲ್, ಹೇಳಿದ್ದೆಲ್ಲ ನಂಬುವವನು ಕ್ರೆಡುಲಸ್, ಸುಲಭವಾಗಿ ನಂಬದವನು ಇನ್‌ಕ್ರೆಡುಲಸ್.

ಅನಾನಿಮಸ್: ಗ್ರೀಕ್ ಮೂಲದಲ್ಲಿ 'ಹೆಸರಿಲ್ಲದ'. ಅನಾಮಧೇಯ ಅರ್ಜಿಗಳು ಪಂಚಾಯತಿಗೆ ಹೊಸವಲ್ಲ. ಅದೇ ಬೇರಿನಿಂದ ಸಿನೊನಿಮ್ ಸಮಾನಾರ್ಥಕ, ಆಂಟೊನಿಮ್ ವಿರುದ್ಧಾರ್ಥಕ, ಸೂಡೊನಿಮ್ ಕಾವ್ಯನಾಮ. ಮೇಲೆ ಹೇಳಿದ ಮೆಟಾನಿಮಿ ಎಂದರೆ 'ಹೆಸರಿನ ಬದಲಾವಣೆ'.

ಸಬ್‌ ಕಮಿಟಿಯ 'ಸಬ್' ಉಪಸಮಿತಿಯ 'ಉಪ'ದಂತೆ, 'ಇನ್' ಎಂಬುದು ಬಹಳ ಕಡೆ 'ಅಕ್ರಮ'ದ 'ಅ'ಕಾರದಂತೆ ಕೆಲಸ ಮಾಡುತ್ತದೆ. ಹೀಗೆ ಎರಡು ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕಲಿತದ್ದು ಮನಸ್ಸಿನಲ್ಲಿ ನಿಲ್ಲುತ್ತದೆ.

5. ಮರೆವಿಗೆ ಐದು ಖಾನೆಯ ಪೆಟ್ಟಿಗೆ

ಕಲಿತ ಹೊಸತರಲ್ಲಿ ಮರೆವು ತೀವ್ರವಾಗಿರುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತಮ್ಮ ಪ್ರಯೋಗಗಳಿಂದ ತೋರಿಸಿದ್ದರು. ಮರೆಯುವ ಮೊದಲು ಅಂತರ ಕೊಟ್ಟು ಮತ್ತೆ ನೆನಪಿಸಿಕೊಳ್ಳುವುದೇ ಇದಕ್ಕೆ ಪರಿಹಾರ. ಸೆಬಾಸ್ಟಿಯನ್ ಲೈಟ್ನರ್ ಎಂಬುವರು 1970ರ ದಶಕದಲ್ಲಿ ಇದಕ್ಕೊಂದು ಸರಳ ಪೆಟ್ಟಿಗೆಯನ್ನು ಜನಪ್ರಿಯಗೊಳಿಸಿದರು. ಅದನ್ನು ಹಳೆಯ ರಟ್ಟಿನ ಡಬ್ಬಿ ಮತ್ತು ಮದುವೆಯ ಕರೆಯೋಲೆಗಳ ಖಾಲಿ ಬದಿಯಿಂದ ಖರ್ಚಿಲ್ಲದೆ ಮಾಡಿಕೊಳ್ಳಬಹುದು.

ಚೀಟಿಯ ಒಂದು ಬದಿಗೆ ಪದ ಮತ್ತು ವಾಕ್ಯ, ಇನ್ನೊಂದು ಬದಿಗೆ ಅರ್ಥ. ಹೊಸ ಚೀಟಿ ಮೊದಲನೆಯ ಖಾನೆಗೆ. ಉತ್ತರ ಸರಿಯಾದರೆ ಮುಂದಿನ ಖಾನೆಗೆ, ತಪ್ಪಾದರೆ ಮರಳಿ ಮೊದಲನೆಯದಕ್ಕೆ. ಮೊದಲನೆಯ ಖಾನೆಯನ್ನು ಪ್ರತಿದಿನ, ಎರಡನೆಯದನ್ನು 3 ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು 15 ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ತೆಗೆದು ನೋಡಬೇಕು. ದಿನಕ್ಕೆ 5 ಪದಗಳಂತೆ ವಾರಕ್ಕೆ 6 ದಿನ ಕಲಿತರೆ 26 ವಾರಗಳಲ್ಲಿ 780 ಪದಗಳಾಗುತ್ತವೆ. ಪಿಯುಸಿ ಮೊದಲ ವರ್ಷದಲ್ಲಿಯೇ ಆರಂಭಿಸಿದರೆ ಅವಸರವಿಲ್ಲದೆ ಸಿದ್ಧರಾಗಬಹುದು.

6. ಅರೆಬರೆ ತಿಳಿದದ್ದಕ್ಕೂ ಬೆಲೆಯಿದೆ

2025ರ ಪದವಿ ಪ್ರವೇಶದ ಸಿಯುಇಟಿಯಲ್ಲಿ ಪ್ರತಿ ಪತ್ರಿಕೆಗೆ 60 ನಿಮಿಷ, 50 ಪ್ರಶ್ನೆ. ಸರಿಯುತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ ಎಂಬ ನಿಯಮವಿತ್ತು. ಈ ನಿಯಮದಲ್ಲಿ ಏನೂ ತಿಳಿಯದೆ ನಾಲ್ಕು ಪ್ರಶ್ನೆಗಳಿಗೆ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪಾಗಿ 2 ಅಂಕ ಉಳಿಯುತ್ತದೆ. ಪದದ ಬೇರು ಹಿಡಿದು ಪ್ರತಿ ಪ್ರಶ್ನೆಯಲ್ಲೂ ಎರಡು ತಪ್ಪು ಆಯ್ಕೆಗಳನ್ನು ಹೊಡೆದುಹಾಕಲು ಬಂದರೆ, ಅದೇ ನಾಲ್ಕು ಪ್ರಶ್ನೆಗಳಿಂದ ಸರಾಸರಿ 8 ಅಂಕ ಬರುತ್ತದೆ. ಇನ್‌ಕ್ರೆಡುಲಸ್ ಎಂಬ ಪದವನ್ನು ಎಂದೂ ಕಾಣದ ವಿದ್ಯಾರ್ಥಿನಿಯೂ ಅದು ನಂಬಿಕೆಗೆ ಸಂಬಂಧಿಸಿದ ನಿಷೇಧಾರ್ಥಕ ಪದವೆಂದು ಊಹಿಸಬಲ್ಲಳು. ನಿಯಮಗಳು ಬದಲಾಗಬಹುದಾದ್ದರಿಂದ ಆಯಾ ವರ್ಷದ ಅಧಿಸೂಚನೆಯನ್ನು ಓದಿಯೇ ಮುಂದುವರಿಯಬೇಕು.

7. ಸದಸ್ಯರ ಹೊಣೆ

ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಗೊಂಡವು. 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಇಂದು ಅರಿವು ಕೇಂದ್ರಗಳೆಂದು ಕರೆಯಲಾಗುವ ಇವು ಪಂಚಾಯತಿಯ ಹೊಣೆಯಾಗಿವೆ. ಆದ್ದರಿಂದ ಸದಸ್ಯರು ಈ ಕೆಳಗಿನವುಗಳನ್ನು ಕೈಗೊಳ್ಳಬಹುದು:

ಅ) ಅರಿವು ಕೇಂದ್ರದಲ್ಲಿ ಉತ್ತಮ ಇಂಗ್ಲಿಷ್–ಕನ್ನಡ ನಿಘಂಟು ಮತ್ತು ಒಂದು ಇಂಗ್ಲಿಷ್ ದಿನಪತ್ರಿಕೆ ಇರುವುದನ್ನು ಖಚಿತಪಡಿಸಿಕೊಳ್ಳುವುದು. ಬೀಗ ಹಾಕಿದ ಕಪಾಟಿನಲ್ಲಿರುವ ನಿಘಂಟು ಇಲ್ಲದಂತೆಯೇ ಸರಿ.

ಆ) ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳಿಗೆ ವಾರದಲ್ಲಿ ಎರಡು ದಿನ ಒಂದೊಂದು ಗಂಟೆಯ ಪದಕೂಟ ಏರ್ಪಡಿಸುವುದು. ಹೆಣ್ಣುಮಕ್ಕಳು ಕತ್ತಲಾಗುವ ಮುನ್ನ ಮನೆ ಸೇರುವಂತೆ ವೇಳೆ ನಿಗದಿಪಡಿಸುವುದು.

ಇ) ತೊಗರಿ ರಾಶಿಯ ದಿನಗಳಲ್ಲಿ ಹೊಲಕ್ಕೆ ಹೋಗುವ ಮಕ್ಕಳು ಚೀಟಿಗಳನ್ನು ಮನೆಗೆ ಒಯ್ಯಲು ಅವಕಾಶ ನೀಡುವುದು.

ಈ) ಆನ್‌ಲೈನ್ ಅರ್ಜಿ ತುಂಬಲು ಕೇಂದ್ರದ ಕಂಪ್ಯೂಟರ್ ಒದಗಿಸಿ, ಕೊನೆಯ ದಿನಾಂಕವನ್ನು ಸೂಚನಾ ಫಲಕದಲ್ಲಿ ದೊಡ್ಡದಾಗಿ ಬರೆಸುವುದು.

ಉ) ಮಕ್ಕಳ ಗ್ರಾಮಸಭೆಯಲ್ಲಿ ಈ ಅಗತ್ಯವನ್ನು ಮಕ್ಕಳಿಂದಲೇ ಕೇಳಿ ನಡವಳಿಯಲ್ಲಿ ದಾಖಲಿಸುವುದು.

ಇದಕ್ಕೆ ಸದಸ್ಯರು ಸ್ವತಃ ಇಂಗ್ಲಿಷ್ ಬಲ್ಲವರಾಗಬೇಕಿಲ್ಲ. ಕೇಂದ್ರದ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆದಿದೆಯೇ, ಕಳೆದ ವಾರ ಬಂದ ಮಗು ಈ ವಾರವೂ ಬಂದಿದೆಯೇ ಎಂದು ವಿಚಾರಿಸಿದರೆ ಅರ್ಧ ಕೆಲಸ ಮುಗಿದಂತೆ.

8. ಚರ್ಚೆಗೆ ಪ್ರಶ್ನೆಗಳು

1. ಕಳೆದ ಸಭೆಯಲ್ಲಿ ಬಳಕೆಯಾದ ಹತ್ತು ಇಂಗ್ಲಿಷ್ ಪದಗಳಾವುವು? ಅವುಗಳಲ್ಲಿ ಎಷ್ಟಕ್ಕೆ ಎರಡನೆಯ ಅರ್ಥವಿದೆ?
2. ತಮ್ಮ ಊರಿನ ಆಡುಮಾತಿನಲ್ಲಿ ಉಪಮೆ, ಅತಿಶಯೋಕ್ತಿ ಮತ್ತು ಸೌಮ್ಯೋಕ್ತಿಗೆ ಒಂದೊಂದು ಉದಾಹರಣೆ ಕೊಡಿ.
3. ತಮ್ಮ ವಾರ್ಡಿನಲ್ಲಿ ಈ ವರ್ಷ ಪಿಯುಸಿ ಓದುತ್ತಿರುವವರು ಎಷ್ಟು ಮಂದಿ? ಅವರಲ್ಲಿ ಸಿಯುಇಟಿಯ ಹೆಸರು ಕೇಳಿದವರು ಎಷ್ಟು?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಕುಳಿತಲ್ಲಿ ಬರೆಯದೆ, ಮನೆಮನೆಗೆ ಹೋಗಿ ಕೇಳಿ ಬರೆಯತಕ್ಕದ್ದು.