ಮಗು ನಿಮ್ಮನ್ನು ‘ಚಿಚಿ’ ಎಂದರೆ ಬೇಸರ ಬೇಡ

ಹೊಸಕೋಟೆಯಿಂದ ಕೋಲಾರದ ಹೆದ್ದಾರಿ ಹಿಡಿದರೆ ನರಸಾಪುರ ಸಿಗುತ್ತದೆ. ಅಲ್ಲಿ 2013ರಿಂದ ಜಪಾನಿನ ಹೋಂಡಾ ಕಂಪನಿಯ ದ್ವಿಚಕ್ರ ವಾಹನಗಳು ತಯಾರಾಗುತ್ತಿವೆ. ಜಪಾನೀ ಭಾಷೆ ಕಲಿತರೆ ಮಕ್ಕಳಿಗೆ ಅನುಕೂಲವಾದೀತು ಎಂದು ಈ ಕಡೆಯ ಪೋಷಕರು ಯೋಚಿಸುವುದು ಸಹಜ. ಜೊತೆಗೊಂದು ಅಳುಕು: ಆ ಭಾಷೆಯ ಮರ್ಯಾದೆಯ ಮಾತು, ಅಂದರೆ ‘ಕೇಗೊ’, ಬಲು ಕಷ್ಟವಂತೆ!

ಕಷ್ಟ ಹೌದು. ಆದರೆ ಅಮ್ಮನಿಗೆ ‘ಬಾ’, ಮೇಷ್ಟ್ರಿಗೆ ‘ಬನ್ನಿ’ ಎನ್ನುವ ಮಗುವಿಗೆ ಅರ್ಧ ಪಾಠ ಮನೆಯಲ್ಲೇ ಆಗಿದೆ. ತೊಡಕಿರುವುದು ಇನ್ನೊಂದು ಕಡೆ. ನಮ್ಮಲ್ಲಿ ಹಿರಿಯರು ಯಾರ ಮುಂದೆಯೂ ಹಿರಿಯರೇ; ಪರಊರಿನವರ ಎದುರಿಗೂ ‘ನಮ್ಮ ತಂದೆಯವರು ಬಂದಿದ್ದಾರೆ’ ಎನ್ನುತ್ತೇವೆ. ಜಪಾನಿನಲ್ಲಿ ಕೇಳುತ್ತಿರುವವರು ಯಾರು ಎಂಬುದನ್ನೂ ನೋಡಬೇಕು. ಮನೆಯಲ್ಲಿ ‘ಒತೋಸಾನ್’ ಆಗಿದ್ದ ಅಪ್ಪ ಹೊರಗಿನವರ ಮುಂದೆ ಬರೀ ‘ಚಿಚಿ’. ಕಚೇರಿಯಲ್ಲೂ ಅಷ್ಟೇ. ಗ್ರಾಹಕರು ಫೋನ್ ಮಾಡಿದಾಗ ತನ್ನ ಮೇಲಧಿಕಾರಿಯ ಹೆಸರಿಗೆ ಮರ್ಯಾದೆಯ ‘ಸಾನ್’ ಹಚ್ಚುವಂತಿಲ್ಲ. ಅವರು ಬರುತ್ತಾರೆ ಎನ್ನಲು ಗೌರವದ ‘ಇರಷ್ಷಾರು’ ಸಲ್ಲದು, ತಗ್ಗಿಸಿ ಹೇಳುವ ‘ಮೈರು’ ಬೇಕು. ಕನ್ನಡದ ಮಗು ಎಡವುವುದು ಇಲ್ಲೇ, ಅದೂ ಮರ್ಯಾದೆ ಜಾಸ್ತಿಯಾಗಿ! ಹಾಗಾಗಿ ನಿಮ್ಮನ್ನು ಇತರರಿಗೆ ಪರಿಚಯಿಸುವಾಗ ಮಗು ‘ಚಿಚಿ’ ಎಂದರೆ ಪಾಠ ತಲೆಗೆ ಹತ್ತಿದೆ ಎಂದೇ ತಿಳಿಯಿರಿ.

ಅವಸರವೂ ಬೇಡ. ಜಪಾನಿನ ಶಾಲೆಗಳಲ್ಲೇ ‘ದೆಸು’, ‘ಮಾಸು’ ಎಂದು ಮುಗಿಯುವ ಸಭ್ಯ ಮಾತು ಮೊದಲು. ಕೇಗೊ ರೂಢಿಸುವುದು 5-6ನೇ ತರಗತಿಯಲ್ಲಿ. ನಮ್ಮ ಮಕ್ಕಳಿಗೂ ಆರಂಭದಲ್ಲಿ ದೆಸು-ಮಾಸು ಸಾಕು, ಅದರಿಂದ ಯಾರಿಗೂ ಅಗೌರವವಾಗದು. ಅನಿಮೆ ನೋಡಿ ಕಲಿತ ‘ಒರೆ’, ‘ಒಮಾಯೆ’ಗಳ ಮೇಲೆ ಮಾತ್ರ ಕಣ್ಣಿರಲಿ. ‘ನಾನು’, ‘ನೀನು’ ಎನ್ನಲು ಅವು ಒರಟು ಮಾತುಗಳು. ಗೆಳೆಯರ ನಡುವೆ ನಡೆದಾವು, ಶಿಕ್ಷಕರ ಮುಂದೆ ಖಂಡಿತ ನಡೆಯವು.

ಇನ್ನು ಪ್ರಮಾಣಪತ್ರದ ವಿಷಯ. ಜಪಾನೀ ಭಾಷಾ ಸಾಮರ್ಥ್ಯ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಗೆ ಎನ್5ರಿಂದ ಎನ್1ರವರೆಗೆ ಐದು ಹಂತಗಳಿವೆ. ಓದುವುದು, ಕೇಳಿಸಿಕೊಳ್ಳುವುದು ಎರಡನ್ನೂ ಅಳೆಯುತ್ತಾರೆ. ಬಾಯಿಬಿಟ್ಟು ಮಾತಾಡುವ ಪರೀಕ್ಷೆ ಯಾವ ಹಂತದಲ್ಲೂ ಇಲ್ಲ. ಕೇಗೊ ಬರುವುದೋ ಬಾಯಿ ಮಾತಿನ ರೂಢಿಯಿಂದ. ಆದ್ದರಿಂದ ಕೋಚಿಂಗಿಗೆ ಶುಲ್ಕ ಕಟ್ಟುವ ಮುನ್ನ, ಗ್ರಾಹಕರ ಫೋನಿಗೆ ಉತ್ತರಿಸುವಂಥ ಸಂಭಾಷಣೆಯನ್ನು ತರಗತಿಯಲ್ಲಿ ಮಕ್ಕಳಿಂದ ಆಡಿಸುತ್ತಾರೆಯೇ ಎಂದು ಕೇಳಿ. ಇಲ್ಲವೆಂದರೆ ಬೇರೆ ಕಡೆ ವಿಚಾರಿಸಿ.