ಬ್ಯಾನರ್ ಇಲ್ಲದೆ ಕೊಡಲು ಕಾಕಾ ಒಪ್ಪಲಿಲ್ಲ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ಬಂದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆಸಾಲಿನ ಊರುಗಳ ಗತಿ ಏನಾಯಿತೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಆಗ ನನ್ನ ಬಳಿ ಗಳಿಕೆಯ ಹತ್ತರಲ್ಲೊಂದು ಪಾಲು ಎತ್ತಿಟ್ಟಿದ್ದಿತ್ತು. ಯಹೂದಿ ಧರ್ಮದ ಬಗ್ಗೆ ಓದುತ್ತ ಹಿಡಿದ ರೂಢಿ ಅದು. ನಾನು ಲಿಂಗಾಯತ, ಇಂದಿಗೂ ಲಿಂಗಾಯತನೇ.

ಮಗ ಪುಣೆಯಲ್ಲಿದ್ದಾಗ ಅಲ್ಲಿನ ಲಾಲ್ ದೇವಳ ನೋಡಲು ಹೋಗಿದ್ದೆ. ಬಾಗ್ದಾದಿನಿಂದ ಮುಂಬೈಗೆ ಬಂದು ನೆಲೆಸಿದ ವ್ಯಾಪಾರಿ ಡೇವಿಡ್ ಸಸೂನ್ ಕಟ್ಟಿಸಿದ ಸಿನಗಾಗ್ (ಯಹೂದಿಗಳ ಪ್ರಾರ್ಥನಾಲಯ) ಅದು, 1867ರದು. ಪುಣೆಯ ಸಸೂನ್ ಆಸ್ಪತ್ರೆಗೂ ದುಡ್ಡು ಕೊಟ್ಟವರು ಅವರೇ. ಬೇನೆ ಇಸ್ರೇಲ್ ಯಹೂದಿ ಸಮುದಾಯದ ಹಿರಿಯರೊಬ್ಬರು ಮಾತಿಗೆ ಸಿಕ್ಕರು, ಮರಾಠಿಯಲ್ಲೇ. ನಿಮ್ಮ ಧರ್ಮಕ್ಕೆ ಸೇರದೆ ನಿಮ್ಮ ದಾನದ ನೇಮ ನಡೆಸಬಹುದೇ ಎಂದು ಕೇಳಿದೆ. ಸೇರುವ ಗರಜೇ ಇಲ್ಲ ಎಂದರು. ತಮ್ಮ ಬಡವರ ಜೊತೆಗೇ ಪರಧರ್ಮದ ಬಡವರನ್ನೂ ಸಾಕಬೇಕೆಂದು ತಮ್ಮ ಗ್ರಂಥ ತಾಲ್ಮುದ್ ಹೇಳುತ್ತದೆ ಎಂದರು. 12ನೇ ಶತಮಾನದ ಯಹೂದಿ ಪಂಡಿತ ಮೈಮೋನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾರೆ. ಗೊಣಗುತ್ತ ಕೊಡುವುದು ಎಲ್ಲಕ್ಕಿಂತ ಕೆಳಗೆ. ಕೊಟ್ಟವರಾರು, ಪಡೆದವರಾರು ಎಂದು ಇಬ್ಬರಿಗೂ ತಿಳಿಯದಂತೆ ಕೊಡುವುದು ಮೇಲಿನಿಂದ ಎರಡನೆಯದು. ಸಾಲವನ್ನೋ ಕೆಲಸವನ್ನೋ ಕೊಟ್ಟು ಮತ್ತೆ ಕೈಚಾಚದಂತೆ ಮಾಡುವುದು ಎಲ್ಲಕ್ಕೂ ಮೇಲೆ.

ನಮ್ಮ ಕಾಕಾಗೆ ಇದೆಲ್ಲ ಬೇಕಿರಲಿಲ್ಲ. "ನಮ್ಮ ಮಠದ ದಾಸೋಹ ಇರೂವಾಗ ಯಹೂದ್ಯರ ಪುಸ್ತಕ ಯಾಕಪಾ?" ಎಂದರು. ದಾಸೋಹದಲ್ಲಿ ಕೊಟ್ಟೆನೆಂಬ ಹಮ್ಮು ಸಲ್ಲದೆಂದು ಅವರಿಗೆ ನಾನು ಹೇಳಬೇಕಾಯಿತು.

ಹಂಚುವ ದಿನ ನೆರೆ ಸಂತ್ರಸ್ತರಿದ್ದ ಶಾಲೆಯಲ್ಲಿ ಕಾಕಾ ಬ್ಯಾನರ್ ಕಟ್ಟಿಸಿದ್ದರು. ದುಡ್ಡು ನನ್ನದು, ಬ್ಯಾನರಿನ ಮೇಲೆ ಫೋಟೋ ಅವರದು. ಹಿಟ್ಟು, ಬೇಳೆ, ಎಣ್ಣೆ, ಚಾದರದ ಚೀಲ ಹಿಡಿದು ಒಬ್ಬೊಬ್ಬರನ್ನೇ ಕರೆದರು. ಹೋದ ಸುಗ್ಗಿಯಲ್ಲಿ ತನ್ನ ಕಣಕ್ಕೆ ಬಂದವರಿಗೆಲ್ಲ ಮೊರದ ತುಂಬ ಜೋಳ ಹಾಕಿದ್ದ ಹೆಣ್ಣುಮಗಳು ಬಂದಳು. ಸೆರಗು ಕಣ್ಣತನಕ ಎಳೆದುಕೊಂಡಿದ್ದಳು. ಚೀಲದ ಒಂದು ಕಿವಿ ಆಕೆಯ ಕೈಯಲ್ಲಿ, ಇನ್ನೊಂದು ಕಾಕಾನ ಕೈಯಲ್ಲಿ. ಕಾಕಾ ಬಿಡಲೊಲ್ಲರು. "ಮಾರಿ ಮ್ಯಾಲ ಮಾಡವ್ವಾ, ಸೆರಗ ಸರಸು" ಎಂದ ಫೋಟೋದವನು. ಆಕೆ ಸರಿಸಿದಳು. ನನ್ನನ್ನು ನೋಡಿದಳು, ಗುರುತು ಹಿಡಿದಳು, ಕಣ್ಣು ಕೆಳಗೆ ಹಾಕಿದಳು. ಎರಡು ಸಲ ಫೋಟೋ ಹೊಡೆದರು. ಹಿಂದೆ ನಿಂತಿದ್ದ ಬೇರೆ ಓಣಿಯವರಿಗೆ ಕಾಕಾ, "ನಮ್ಮವರದು ಮುಗೀಲಿ ತಡೀರಿ" ಎಂದರು.

ನಾನೇ ಹೋಗಿ ಬ್ಯಾನರಿನ ಹಗ್ಗ ಬಿಚ್ಚಿದೆ. ಉಳಿದ ಚೀಲಗಳನ್ನು ಅಡುಗೆ ಕೋಣೆಯಲ್ಲಿ ಇಟ್ಟು, ಬೇಕಾದವರು ಒಯ್ಯಿರಿ ಎಂದು ಹೊರಬಂದೆ. ಮಂದಿಯೆದುರು ಮಾನ ಕಳೆದೆ ಎಂದು ಕಾಕಾ ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ. ಆ ಹೆಣ್ಣುಮಗಳ ಮಾನ ಕಳೆದವರು ಅವರು.

ಮಿಕ್ಕ ದುಡ್ಡನ್ನು ಕಿರಾಣಿ ಅಂಗಡಿಗೆ ಕೊಟ್ಟೆ: ಹೊಳೆ ಹೊಕ್ಕ ಓಣಿಗಳವರ ಉದ್ರಿ ಹೊಡೆದುಹಾಕಿ, ಹೆಸರು ನನಗೆ ಹೇಳಬೇಡಿ, ನನ್ನ ಹೆಸರು ಅವರಿಗೆ ಹೇಳಬೇಡಿ. ಹೊಲಿಗೆ ಯಂತ್ರ ನೀರುಪಾಲಾಗಿದ್ದ ಮುಸಲ್ಮಾನ ದರ್ಜಿಯೊಬ್ಬರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟೆ. ಬಡ್ಡಿ ಅವರ ಧರ್ಮದಲ್ಲೂ ಸಲ್ಲದು. ಯಹೂದಿಗಳಲ್ಲೂ ತಮ್ಮವರಿಂದ ಬಡ್ಡಿ ತೆಗೆದುಕೊಳ್ಳುವಂತಿಲ್ಲ. ದರ್ಜಿ ಸಾಲವನ್ನು ಕಂತಿನಲ್ಲಿ ಪೂರ್ತಿ ತೀರಿಸಿದರು.

ಉದ್ರಿ ತೀರಿಸಿದ್ದಕ್ಕೆ ದಾನದ ತೆರಿಗೆ ವಿನಾಯಿತಿ ಸಿಗುವುದಿಲ್ಲ. ನೋಂದಾಯಿತ ಟ್ರಸ್ಟಿಗೆ ಕೊಟ್ಟರೂ 2,000 ರೂಪಾಯಿ ಮೀರಿದ ನಗದಿಗೆ ಸಿಗದು, ಚೆಕ್ಕಿನಲ್ಲೇ ಕೊಡಿ. ಇನ್ನು ಹೊಳೆ ಬಂದಾಗ ಕೊಡುವ ಮನಸ್ಸಿದ್ದವರು ದಯವಿಟ್ಟು ಫೋಟೋದವನನ್ನು ಮನೆಯಲ್ಲೇ ಬಿಟ್ಟು ಬನ್ನಿ.