ಮೇಪಲ್ ಪಾಕದ ಮನೆಯ ಹೊಗೆಕೊಳವೆ ಮತ್ತು ತೇವದ ಕಾಟ

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿಯೂ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿಯೂ ಚಳಿಗಾಲ ಮುಗಿಯುತ್ತ ಬಂದಾಗ ಮೇಪಲ್ ಮರಕ್ಕೆ ಸಣ್ಣ ತೂತು ಕೊರೆದು ರಸ ಇಳಿಸುತ್ತಾರೆ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಕರಗಿಸುವ ಬಿಸಿಲು ಇರುವ ನಾಲ್ಕಾರು ವಾರಗಳೇ ಅದರ ಸುಗ್ಗಿ. ರಸದಲ್ಲಿ ಸಕ್ಕರೆಯ ಅಂಶ ನೂರಕ್ಕೆ ಸುಮಾರು 2 ಭಾಗ ಮಾತ್ರ. ಆದ್ದರಿಂದ 1 ಲೀಟರ್ ಪಾಕಕ್ಕೆ 40 ಲೀಟರಿಗೂ ಮಿಕ್ಕಿ ರಸವನ್ನು ಕಾಯಿಸಬೇಕು. ಕಾಯಿಸುವ ಮನೆಯನ್ನು ನಮ್ಮ ಆಲೆಮನೆ ಎಂದೂ, ಪಾಕವನ್ನು ಜೋನಿ ಬೆಲ್ಲಕ್ಕಿಂತ ತುಸು ತೆಳುವಾದದ್ದು ಎಂದೂ ತಿಳಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಈ ಮನೆಯಲ್ಲಿ ಕೊಳವೆಗಳು ಎರಡು. ಒಂದು ಒಲೆಯ ಹಿಂಭಾಗದಿಂದ ಏಳುವ ಹೊಗೆಕೊಳವೆ. ಇನ್ನೊಂದು, ಬಾಣಲೆಯ ಮೇಲೆ ಮುಚ್ಚಿಗೆ ಕಟ್ಟಿದವರಲ್ಲಿ, ಆವಿಯನ್ನು ಹೊರಕ್ಕೆ ಒಯ್ಯುವ ಕೊಳವೆ. (ಹಳೆಯ ಮನೆಗಳಲ್ಲಿ ಮುಚ್ಚಿಗೆ ಇರುವುದಿಲ್ಲ, ಮಾಡಿನ ನೆತ್ತಿಯ ಕಿಂಡಿಗಳನ್ನು ತೆರೆದರೆ ಆವಿ ತಾನಾಗಿ ಹೋಗುತ್ತದೆ.) ಎರಡರಲ್ಲೂ ನೀರು ಕಾಣಿಸುತ್ತದೆ. ಆದರೆ ಅದು ಬರುವ ದಾರಿ ಬೇರೆ ಬೇರೆ. ದಾರಿ ತಿಳಿಯದೆ ಮದ್ದು ಮಾಡಿದರೆ ಹಣ ದಂಡ.

ಮೊದಲು ಹೊಗೆಕೊಳವೆಯನ್ನು ನೋಡೋಣ. ಸೌದೆ ಉರಿಯುವಾಗ ಹೊಗೆಯ ಜೊತೆ ನೀರಾವಿಯೂ ಹುಟ್ಟುತ್ತದೆ ಎಂಬುದು ಅನೇಕರಿಗೆ ಹೊಸ ಸಂಗತಿಯಾದೀತು. ಚೆನ್ನಾಗಿ ಒಣಗಿದ ಸೌದೆಯಲ್ಲೂ ನೂರಕ್ಕೆ 20 ಭಾಗ ನೀರು ಉಳಿದಿರುತ್ತದೆ. ಅದಲ್ಲದೆ ಮರದಲ್ಲಿರುವ ಜಲಜನಕವು ಉರಿದು ನೀರಾಗುತ್ತದೆ. ಲೆಕ್ಕ ಹಾಕಿದರೆ ಇಂತಹ 100 ಕಿಲೋ ಸೌದೆಯಿಂದ 60 ಕಿಲೋಗೂ ಹೆಚ್ಚು ನೀರು ಆವಿಯಾಗಿ ಕೊಳವೆ ಹತ್ತುತ್ತದೆ. ಹಸಿ ಸೌದೆಯಾದರೆ ಅರ್ಧ ತೂಕ ನೀರೇ. ಅಷ್ಟೇ ಒಣ ಮರವನ್ನು ಉರಿಸಿದ್ದಕ್ಕೆ ಏಳುವ ಆವಿ ಹೆಚ್ಚುಕಡಿಮೆ ಇಮ್ಮಡಿ.

ಹಾಗಿದ್ದರೂ ಉರಿ ಜೋರಾಗಿರುವಾಗ ಈ ಆವಿಯಿಂದ ತೊಂದರೆಯಿಲ್ಲ. ಕೊಳವೆ ನೂರು ಡಿಗ್ರಿಗಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಆವಿ ಆವಿಯಾಗಿಯೇ ಹೊರಟುಹೋಗುತ್ತದೆ. ಕೆಡುಕು ಆಗುವುದು ಬೆಳಿಗ್ಗೆ ಒಲೆ ಹಚ್ಚಿದ ಮೊದಲ ಹೊತ್ತಿನಲ್ಲಿ ಮತ್ತು ಸಂಜೆ ಉರಿ ಕುಂದಿ ಹೊಗೆಯಾಡುವಾಗ. ಹೊಗೆ ಸುಮಾರು 50 ಡಿಗ್ರಿಗೆ ಇಳಿದರೆ ನೀರು ಬೆವರುತ್ತದೆ. ಅದಕ್ಕೂ ಬಹಳ ಮೊದಲೇ, 120 ಡಿಗ್ರಿಯ ಕೆಳಗೆ, ಡಾಂಬರಿನಂತಹ ಅಂಟು ಕೊಳವೆಯ ಒಳಮೈಗೆ ಹಿಡಿಯತೊಡಗುತ್ತದೆ. ಈ ಕಪ್ಪು ನೀರು ಹುಳಿ ಗುಣದ್ದು, ತಗಡಿನ ಸತುವಿನ ಲೇಪವನ್ನು ತಿನ್ನುತ್ತದೆ. ಅಂಟು ದಪ್ಪವಾದರೆ ಮುಂದೊಂದು ದಿನ ಕೊಳವೆಯೊಳಗೇ ಬೆಂಕಿ ಹತ್ತುವ ಅಪಾಯವೂ ಉಂಟು. ಸಣ್ಣಗೆ ಸೀಳಿದ ಒಣ ಸೌದೆಯಿಂದ ಬೇಗ ಉರಿ ಏರಿಸುವುದು, ಸಂಜೆ ದಪ್ಪ ಹಸಿ ಕೊರಡು ತುರುಕಿ ಬಿಡದಿರುವುದು ಇದಕ್ಕೆ ಉಪಾಯ.

ಆದರೆ ನನ್ನ ಎಣಿಕೆಯಲ್ಲಿ ಇದು ಸಣ್ಣ ಶತ್ರು. ಕೊಳವೆ ಬಿಸಿಯಾಗಿರುವುದು ವರ್ಷದಲ್ಲಿ ಕೆಲವು ವಾರ ಮಾತ್ರ. ಉಳಿದ ಹತ್ತು ತಿಂಗಳಿಗೂ ಹೆಚ್ಚು ಕಾಲ ಅದು ಮಳೆ, ಹಿಮಗಳಲ್ಲಿ ತಣ್ಣಗೆ ನಿಂತಿರುತ್ತದೆ. ಬಾಯಿ ತೆರೆದಿದ್ದರೆ ಬಿದ್ದ ನೀರೆಲ್ಲ ನೇರವಾಗಿ ಒಲೆಯ ಹಿಂಭಾಗಕ್ಕೆ, ರಸ ಕಾಯಿಸುವ ಬಾಣಲೆಯ ತಳಕ್ಕೆ ಇಳಿಯುತ್ತದೆ. ಅಲ್ಲಿ ಬೂದಿ ಕಾದಿರುತ್ತದೆ. ಬೂದಿಗೆ ನೀರು ಸೇರಿದರೆ ಕ್ಷಾರ. ನಮ್ಮ ಹಿರಿಯರು ಬಟ್ಟೆ ಒಗೆಯುತ್ತಿದ್ದ ಬೂದಿನೀರು ಅದೇ. ಮಳೆ ಬೀಳದಿದ್ದರೂ ಬೂದಿಯಲ್ಲಿರುವ ಲವಣಗಳು ಗಾಳಿಯ ತೇವವನ್ನು ಎಳೆದುಕೊಂಡು ತಗಡಿಗೆ ಒದ್ದೆ ಬಟ್ಟೆ ಹೊದಿಸಿದಂತೆ ಅಂಟಿ ಕೂರುತ್ತವೆ. ಕೊಳವೆ ಬುಡದಲ್ಲಿ ಮೊದಲು ತೂತಾಗುವುದೇಕೆ ಎಂಬುದಕ್ಕೆ ಬೇರೆ ಉತ್ತರ ಬೇಡ. ಆದ್ದರಿಂದ ಸುಗ್ಗಿ ಮುಗಿದು ಒಲೆ ಆರಿದ ವಾರದಲ್ಲೇ ಮಸಿ ಕೆರೆದು, ಬೂದಿಯನ್ನು ಪೂರ್ತಿ ಗುಡಿಸಿ ತೆಗೆಯಬೇಕು. ಮುಂದಿನ ವರ್ಷ ಹಚ್ಚುವ ಮುಂಚೆ ತೆಗೆದರಾಯಿತು ಎಂದರೆ ತಡವಾಗಿಬಿಡುತ್ತದೆ.

ಬಾಯಿಗೆ ಮುಚ್ಚಳವನ್ನು ಮೂರು ಬಗೆಯಲ್ಲಿ ಮಾಡುತ್ತಾರೆ. ಕೆಲವರು ಕೀಲಿನ ಮುಚ್ಚಳ ಕೂರಿಸಿ ಒಳಗಿನಿಂದ ತಂತಿ ಎಳೆದು ತೆರೆಯುತ್ತಾರೆ. ತೆರೆಯಲು ಮರೆತು ಬೆಂಕಿ ಹಚ್ಚಿದರೆ ಮನೆಯೆಲ್ಲ ಹೊಗೆ. ಕೆಲವರು ಏಣಿ ಹತ್ತಿ ಬಕೆಟ್ ಮಗುಚುತ್ತಾರೆ. ಇನ್ನು ಕೆಲವರು ಮಾಡಿನ ಮೇಲಿನ ತುಂಡನ್ನೇ ಕಳಚಿ ಒಳಗಿಟ್ಟು ತೂತಿಗೆ ತಗಡು ಹಾಕುತ್ತಾರೆ. ಯಾವುದಾದರೂ ಸರಿ, ಮೇಲೂ ಕೆಳಗೂ ಬಿಗಿಯಾಗಿ ಮುಚ್ಚಬಾರದು. ಹಾಗೆ ಮಾಡಿದರೆ ಒಳಗಿನ ತೇವಗಾಳಿ ಸಿಕ್ಕಿಬಿದ್ದು ರಾತ್ರಿ ತಣಿದ ತಗಡಿನ ಮೇಲೆ ಬೆವರುತ್ತದೆ. ಮಳೆಯಿಂದ ಉಳಿಸಿದ್ದನ್ನು ಬೆವರಿಗೆ ಕೊಟ್ಟಂತೆ. ಒಲೆಯ ಬಾಗಿಲನ್ನು ತುಸು ತೆರೆದು, ಮುಚ್ಚಳದ ಕೆಳಗೆ ಗಾಳಿಗೆ ಸಂದು ಬಿಡಬೇಕು. ಹಕ್ಕಿ, ಅಳಿಲು ಹೊಗದಂತೆ ಸಂದಿಗೆ ಬಲೆ ಕಟ್ಟಿದರೆ ಒಳ್ಳೆಯದು. ಬೆಂಕಿ ಹಚ್ಚುವ ಮೊದಲು ಆ ಬಲೆಯನ್ನು ತೆಗೆಯಬೇಕು, ಇಲ್ಲವಾದರೆ ಮಸಿ ಕಟ್ಟಿ ಹೊಗೆ ನಿಲ್ಲುತ್ತದೆ.

ಕೊಳವೆ ಮಾಡನ್ನು ದಾಟುವ ಕಡೆ ಹೊರಮೈಯಿಂದ ಇಳಿಯುವ ನೀರು ಬೇರೆ. ಅಲ್ಲಿ ಸಂದನ್ನು ಡಾಂಬರಿನಿಂದ ಮೆತ್ತುವುದು ತಪ್ಪು. ಕೊಳವೆ ಕಾದಾಗ ಹಿಗ್ಗುತ್ತದೆ, ಮೆತ್ತಿದ್ದು ಬಿರಿಯುತ್ತದೆ. ಮರದ ಪಕಾಸಿಗೆ ಬಿಸಿಯೂ ತಗಲುತ್ತದೆ. ಮಾಡಿನ ತೂತನ್ನು ದೊಡ್ಡದಾಗಿ ಬಿಟ್ಟು, ಸುತ್ತ ತಗಡಿನ ಕಂಠ ಎತ್ತಿ, ಅದರ ಮೇಲೆ ಬೀಳುವಂತೆ ಕೊಳವೆಗೇ ಕೊಡೆಯಂತಹ ಪಟ್ಟಿ ಬಿಗಿಯುತ್ತಾರೆ.

ಆವಿಕೊಳವೆಯಲ್ಲಿ ತಣಿದ ನೀರು ಹಿಂದಕ್ಕೆ ಹರಿದು ಬಾಣಲೆಗೆ ಬಿದ್ದರೆ ಪಾಕಕ್ಕೆ ತುಕ್ಕು, ಕೊಳೆ ಸೇರುತ್ತದೆ. ಓಡಿಸಿದ ನೀರನ್ನೇ ಮತ್ತೆ ಕಾಯಿಸಬೇಕಾಗುತ್ತದೆ. ಅದಕ್ಕಾಗಿ ಮುಚ್ಚಿಗೆಯ ಒಳ ಅಂಚಿನಲ್ಲಿ ಸುತ್ತಲೂ ದೋಣಿ ಇಟ್ಟು ನೀರನ್ನು ಹೊರಗಿನ ಬಕೆಟ್ಟಿಗೆ ಇಳಿಸುತ್ತಾರೆ. ಆ ಬಿಸಿನೀರು ಪಾತ್ರೆ ತೊಳೆಯಲು ಆಗುತ್ತದೆ. ಇಲ್ಲಿ ಮೇಲಿನ ತುಂಡಿನ ತುದಿ ಕೆಳಗಿನ ತುಂಡಿನ ಒಳಕ್ಕೆ ಕೂರಬೇಕು, ಇಲ್ಲದಿದ್ದರೆ ಪ್ರತಿ ಜೋಡಣೆಯಲ್ಲೂ ತೊಟ್ಟಿಕ್ಕುತ್ತದೆ.

ಅಡಿಕೆ ಬೇಯಿಸುವ ಒಲೆಗೆ ತಗಡಿನ ಕೊಳವೆ ಇಟ್ಟ ನಮ್ಮ ಬೆಳೆಗಾರ ಬಂಧುಗಳಿಗೂ ಲೆಕ್ಕ ಇದೇ. ಕೊಯ್ಲಿನ ಕಾಲ ಕಳೆದ ಮೇಲೆ ಒಲೆ ತಣ್ಣಗಿರುತ್ತದೆ, ಮುಂಗಾರು ಪೂರ್ತಿ ಅದರ ಮೇಲೆ ಸುರಿಯುತ್ತದೆ. ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಿಮ ಹೆಚ್ಚಾಗಿ ಮೇಲಿನಿಂದ ಕೂರುತ್ತದೆ. ಮಲೆನಾಡಿನ ಮಳೆ ಗಾಳಿಯೊಡನೆ ಓರೆಯಾಗಿ ಹೊಡೆಯುತ್ತದೆ. ಚಪ್ಪಟೆ ಮುಚ್ಚಳ ಇಲ್ಲಿ ಸಾಲದು. ಅದರ ಅಂಚು ಕೊಳವೆಯ ಬಾಯಿಗಿಂತ ಕೆಳಗಿನವರೆಗೆ ಇಳಿದು, ಸುತ್ತಲೂ ಎರಡು ಮೂರು ಅಂಗುಲ ಸಂದು ಬಿಟ್ಟಿರಬೇಕು.